ಇಪ್ಪತ್ತೊಂದು ದಿನದ ಬಿಲ್ಲೆ

ಐವತ್ತೆರಡು ವರ್ಷದ ಗಂಡಸನ್ನು ಇಡೀ ಕಾರ್ಖಾನೆ ‘ಚಿಕ್ಕವರು’ ಎಂದು ಕರೆಯುತ್ತಿತ್ತು. ಅಣ್ಣ ದೊಡ್ಡವರು, ಇವನು ಚಿಕ್ಕವರು. ತಲೆ ಅರ್ಧ ಬೋಳಾಯಿತು, ಓದುವುದಕ್ಕೆ ಕನ್ನಡಕ ಬಂತು, ಆದರೂ ಚಿಕ್ಕವರು. ಕರೆಯುವವರು ಮರ್ಯಾದೆ ಕೊಟ್ಟೇ ಕರೆಯುತ್ತಿದ್ದರು. ಅವನಿಗೆ ಉರಿಯುತ್ತಿದ್ದದ್ದೇ ಅದಕ್ಕೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅದನ್ನೂ ನುಂಗಿಕೊಂಡಿದ್ದ. ನುಂಗಲಾಗದ ಮಾತು ಬಂದದ್ದು ಒಂದು ಭಾನುವಾರ, ಅಣ್ಣನ ಮನೆಯ ಊಟದ ಮೇಜಿನಲ್ಲಿ. ಅತ್ತಿಗೆ ಬಡಿಸುತ್ತಿದ್ದರು. ಅಣ್ಣನ ಅಳಿಯ ಎದುರಿಗೆ ಕೂತು ಫೋನು ನೋಡುತ್ತಿದ್ದ. ಅಣ್ಣ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: “ನೀನು ಆ ಯಂತ್ರದ ಮುಂದೆ ನಿಂತದ್ದು ಸಾಕು ಕಣೋ. ಇನ್ನು ಅದನ್ನ ಅಳಿಯಂದಿರು ನೋಡ್ಕೊಳ್ಳಲಿ.”

ಅವನು ಕೈ ತೊಳೆದು ಎದ್ದುಬಂದ. ಹಿಂದಿನಿಂದ ಅಣ್ಣ ಇನ್ನೇನೋ ಹೇಳುತ್ತಿದ್ದರು. ಕೇಳಲಿಲ್ಲ. ಕೇಳುವುದಕ್ಕೆ ಉಳಿದದ್ದಾದರೂ ಏನು?

ಆ ಯಂತ್ರದ ಮುಂದೆ ಅವನು ಇಪ್ಪತ್ತಾರು ವರ್ಷ ನಿಂತಿದ್ದ. ಅವರ ಕಾರ್ಖಾನೆ ಮಾಡುತ್ತಿದ್ದದ್ದು ಬಿಲ್ಲೆ ಮತ್ತು ಗುಳಿಗೆ. ಬೀರುವಿನಲ್ಲಿ ಉಣ್ಣೆ ಬಟ್ಟೆಯ ನಡುವೆ ನುಸಿ ಬರದಿರಲಿ ಎಂದು ಇಡುವ ಬಿಳಿ ಗುಳಿಗೆ, ಗಂಡಸರ ಮೂತ್ರಿಯಲ್ಲಿ ಗಬ್ಬು ನಾರದಿರಲಿ ಎಂದು ಹಾಕುವ ಗುಲಾಬಿ ಬಣ್ಣದ ಬಿಲ್ಲೆ, ಕಸದ ಡಬ್ಬಿಯ ಮುಚ್ಚಳಕ್ಕೆ ಸಿಕ್ಕಿಸುವ ಹಸಿರು ಬಿಲ್ಲೆ. ಬಣ್ಣ ಬೇರೆ, ಪರಿಮಳ ಬೇರೆ, ಒಳಗಿನ ಸಾಮಾನು ಒಂದೇ. ಚೀಲದ ಮೇಲೆ ಅದರ ಹೆಸರು ಪ್ಯಾರಾಡೈಕ್ಲೋರೋಬೆಂಜೀನ್ ಎಂದಿತ್ತು. ಕೆಲಸದವರ ಬಾಯಲ್ಲಿ ಬರೀ ಪ್ಯಾರಾ. ನೋಡುವುದಕ್ಕೆ ಪುಡಿ ಮಾಡಿದ ಕಲ್ಲುಸಕ್ಕರೆಯ ಹಾಗೆ. ಅಚ್ಚಿಗೆ ಸುರಿದು ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ.

ಎಷ್ಟು ಒತ್ತಡಕ್ಕೆ ಬಿಲ್ಲೆ ಬಿರುಕು ಬಿಡುತ್ತದೆ, ಎಷ್ಟಕ್ಕೆ ಬಿಡುವುದಿಲ್ಲ, ಯಾವ ಕೋಣೆಯಲ್ಲಿ ಎಷ್ಟು ದಿನ ಬಾಳುತ್ತದೆ, ಎಲ್ಲ ಅವನ ಬೆರಳಿಗೆ ಗೊತ್ತಿತ್ತು. ಅಣ್ಣನಿಗೆ ಗೊತ್ತಿದ್ದದ್ದು ಕುರ್ಚಿಯಲ್ಲಿ ಕೂರುವುದು. ಅಳಿಯನಿಗೆ ಅದೂ ಗೊತ್ತಿರಲಿಲ್ಲ. ಅವನು ಕಾರ್ಖಾನೆಯ ಬಾಗಿಲಿಗೆ ಬಂದರೆ ಮೊದಲು ಮೂಗಿಗೆ ಕರವಸ್ತ್ರ ಒತ್ತುತ್ತಿದ್ದ.

ಮೊದಲ ವಾರವೆಲ್ಲ ಸಿಟ್ಟು. ಎರಡನೆಯ ವಾರ ಸಿಟ್ಟು ತಣ್ಣಗಾಗಿ ಲೆಕ್ಕಾಚಾರವಾಯಿತು. ಅಣ್ಣ ಇರುವವರೆಗೆ ಅಳಿಯ ಇರುತ್ತಾನೆ. ಅಣ್ಣ ಹೋದರೆ ಆ ಕರವಸ್ತ್ರದವನು ನಾಲ್ಕು ದಿನ ನಿಲ್ಲುವುದಿಲ್ಲ. ಹಾಗಾದರೆ ಅಣ್ಣ ಹೋಗಬೇಕು. ಇಷ್ಟನ್ನು ಅವನು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಾಗ ಯೋಚಿಸಿದ. ಬಾಯಿ ಮುಕ್ಕಳಿಸಿ ಉಗುಳಿದ ಮೇಲೂ ಆ ಯೋಚನೆ ಹೋಗಲಿಲ್ಲ.

ಹೋಗುವ ದಾರಿ ಅಣ್ಣನ ತಲೆಯ ಮೇಲೆಯೇ ಇತ್ತು. ನಿಜವಾಗಿಯೂ ತಲೆಯ ಮೇಲೆ. ಆಫೀಸು ಕೋಣೆಯಲ್ಲಿ ಅಣ್ಣನ ಕುರ್ಚಿಯ ನೆತ್ತಿಗೆ ಸರಿಯಾಗಿ ಒಂದು ಹಲಗೆ, ಹಲಗೆಯ ಮೇಲೆ ಅಪ್ಪನ ಕಾಲದ ಕೈ ಅಚ್ಚು. ಎರಕದ ಕಬ್ಬಿಣ. ಎತ್ತಿಡುವಾಗ ಮೂರು ಜನ ಏದುಸಿರು ಬಿಟ್ಟಿದ್ದರು. ಬಂದವರಿಗೆಲ್ಲ ಅಣ್ಣ ಅದನ್ನು ತೋರಿಸಿ, ಎಲ್ಲರೂ ಅಪ್ಪನನ್ನು ಮರೀತಾರೆ, ನಾನು ತಲೆ ಮೇಲೆ ಕೂರಿಸ್ಕೊಂಡಿದೀನಿ ಎಂದು ನಗಿಸುತ್ತಿದ್ದರು. ಹಲಗೆಯ ಎಡತುದಿ ಗೋಡೆಯೊಳಗೆ ಸೇರಿತ್ತು. ಬಲತುದಿಯನ್ನು ಗೋಡೆಗೆ ಒಂದೇ ಬೋಲ್ಟಿನಿಂದ ಬಿಗಿದ ಕಬ್ಬಿಣದ ತೋಳು ಹೊತ್ತಿತ್ತು. ಆ ತೋಳಿನ ಕೆಳಗೆ ಅಂಗೈಯಗಲ ಬಿಟ್ಟು ಕಿಟಕಿಯ ಚೌಕಟ್ಟಿನ ಮೇಲಂಚು.

ಚೌಕಟ್ಟಿಗೂ ತೋಳಿಗೂ ನಡುವೆ ಒಂದು ಆಸರೆ ಕೊಟ್ಟು, ತೋಳಿನ ಬೋಲ್ಟು ತೆಗೆದರೂ ಹಲಗೆ ನಿಲ್ಲುತ್ತದೆ. ಆಸರೆ ಹೋದ ದಿನ ಬೀಳುತ್ತದೆ. ಆಸರೆ ತಾನಾಗಿಯೇ ಹೋಗಬೇಕು, ಅವನು ಎಲ್ಲೋ ದೂರ ಇದ್ದಾಗ.

ಮಂಜುಗಡ್ಡೆ ನೀರು ಬಿಡುತ್ತದೆ. ಮೇಣ ಕಲೆ ಬಿಡುತ್ತದೆ. ಹಗ್ಗ ನಾರು ಬಿಡುತ್ತದೆ. ಪ್ಯಾರಾ ಏನನ್ನೂ ಬಿಡುವುದಿಲ್ಲ. ಅದು ಕರಗಿ ನೀರಾಗುವ ಜಾತಿಯಲ್ಲ. ಗಟ್ಟಿಯಾಗಿದ್ದದ್ದು ಹಾಗೆಯೇ ಗಾಳಿಯಾಗಿ, ದಿನದಿನಕ್ಕೆ ಸವೆದು, ಒಂದು ಬೆಳಿಗ್ಗೆ ಇರುವುದೇ ಇಲ್ಲ. ವಾಸನೆ ಮಾತ್ರ ಉಳಿಯುತ್ತದೆ. ಆದರೆ ಗೋಡೆಯ ಸುಣ್ಣಕ್ಕೂ ಪ್ಯಾರಾದ ವಾಸನೆ ಹತ್ತಿದ ಕಾರ್ಖಾನೆಯಲ್ಲಿ ಆ ವಾಸನೆಯನ್ನು ಯಾವ ಪೊಲೀಸಿನವನು ಹಿಡಿದಾನು?

ಯೋಚಿಸಿದಷ್ಟೂ ಅವನಿಗೆ ತನ್ನ ಮೇಲೆ ಗೌರವ ಹೆಚ್ಚಿತು. ಇಷ್ಟು ವರ್ಷದ ದುಡಿಮೆ ಇಂಥದೊಂದು ಕೆಲಸಕ್ಕಾಗಿಯೇ ತನ್ನನ್ನು ತಯಾರು ಮಾಡಿತ್ತು ಅನ್ನಿಸಿತು.

ಬಣ್ಣ ಬೆರೆಸಿದರೆ ಚೌಕಟ್ಟಿನ ಮೇಲೆ ಬಣ್ಣ ಕೂರುತ್ತದೆ, ಪರಿಮಳದ ಎಣ್ಣೆ ಬೆರೆಸಿದರೆ ಜಿಡ್ಡು ಕೂರುತ್ತದೆ. ಅದಕ್ಕೆ ಒಂದು ರಜಾದಿನ ಒಬ್ಬನೇ ಹೋಗಿ, ಬರೀ ಪ್ಯಾರಾ ಹಾಕಿ, ಅಂಗೈಯಗಲದ, ಎರಡು ಬೆರಳು ದಪ್ಪದ ಬಿಳಿ ಬಿಲ್ಲೆ ಒತ್ತಿದ. ಒಂದಲ್ಲ, ಮೂರು. ಒಂದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟು, ಎರಡನ್ನು ಮನೆಯ ಉಗ್ರಾಣದಲ್ಲಿಟ್ಟು ನೋಡಿದ. ಫ್ಯಾನಿನ ಗಾಳಿ ಬಿದ್ದದ್ದು ಇಪ್ಪತ್ತೊಂದನೆಯ ದಿನಕ್ಕೆ ಬಿಸ್ಕತ್ತಿನಷ್ಟು ತೆಳ್ಳಗಾಗಿ, ಬೆರಳು ತಾಗಿಸಿದರೆ ಮುರಿಯಿತು. ಗಾಳಿ ಇಲ್ಲದ ಮೂಲೆಯದು ಐವತ್ತು ದಿನ ಹಿಡಿಯಿತು. ಅವನು ಆತುರಗಾರನಲ್ಲ, ಎರಡೂ ಮುಗಿಯುವವರೆಗೆ ಕಾದ. ಅಣ್ಣನ ಕೋಣೆಯ ಫ್ಯಾನು ಬೆಳಿಗ್ಗೆ ಒಂಬತ್ತಕ್ಕೆ ಹತ್ತಿದರೆ ಬಾಗಿಲು ಹಾಕುವವರೆಗೂ ನಿಲ್ಲುತ್ತಿರಲಿಲ್ಲ. ಬಿಲ್ಲೆ ಸವೆಯುವುದು ಅಣ್ಣ ಕೂತಿರುವ ಹೊತ್ತಿನಲ್ಲಿ. ಬೀಳುವುದೂ ಅಣ್ಣ ಕೂತಿರುವ ಹೊತ್ತಿನಲ್ಲಿಯೇ.

ಹೆಂಡತಿಗೆ ಬಹಳ ದಿನದಿಂದ ಮಂಡಿನೋವು. ದೂರದ ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನದ ಚಿಕಿತ್ಸೆ ಎಂದು ವೈದ್ಯರು ಹೇಳಿ ಎರಡು ವರ್ಷವಾಗಿತ್ತು. ಅವನು ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಅವನೇ ಎಲ್ಲ ಗೊತ್ತು ಮಾಡಿದ. ಆಸ್ಪತ್ರೆಯೆಂದರೆ ದಿನವೂ ಸಹಿ, ದಿನವೂ ನೂರು ಕಣ್ಣು. ಹೆಂಡತಿ ನಂಬಲಿಲ್ಲ. ನೀವೂ ಬರ್ತೀರಾ ಎಂದು ಮೂರು ಸಲ ಕೇಳಿದಳು. ಆಮೇಲೆ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ಅವನಿಗೆ ಅನುಮಾನ ಬಂತು. ಇವಳಿಗೇನಾದರೂ ಗೊತ್ತಾಯಿತೇ? ಎರಡು ದಿನ ಅವಳನ್ನು ಗಮನಿಸಿದ. ಸುಮ್ಮನೆ ಸಂತೋಷಕ್ಕೆ ಅತ್ತದ್ದು ಎಂದು ಖಾತ್ರಿಯಾದ ಮೇಲೆ ಸಮಾಧಾನವಾಯಿತು.

ಆ ದಿನಗಳಲ್ಲಿ ಅವನಿಗೆ ಎಲ್ಲರ ಮೇಲೂ ಅನುಮಾನ. ಕಾವಲುಗಾರ ಯಾಕೆ ಎರಡು ಸಲ ನಮಸ್ಕಾರ ಹೇಳಿದ? ಅತ್ತಿಗೆ ಯಾಕೆ ಫೋನಿನಲ್ಲಿ ದನಿ ತಗ್ಗಿಸಿದರು? ಅಳಿಯ ಯಾಕೆ ಆಫೀಸು ಕೋಣೆಯ ಫೋಟೋ ತೆಗೆದ? ಒಬ್ಬೊಬ್ಬರನ್ನೇ ತೂಗಿ, ಅಳೆದು, ಪಕ್ಕಕ್ಕಿಟ್ಟ.

ಹೊರಡುವ ಹಿಂದಿನ ದಿನ, ಮಂಗಳವಾರ, ಅಣ್ಣ ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲಿ ಕೆಲಸ ಮುಗಿಸಿದ. ಕಿಟಕಿಯ ಪಕ್ಕ ಸ್ಟೂಲು ಹಾಕಿ ಹತ್ತಿ, ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಿ ಸಂದಿಗೆ ಸೇರಿಸಿ ಅಂಗೈಯಿಂದ ಗುದ್ದಿದ. ಆಮೇಲೆ ಬೋಲ್ಟು ಕಳಚಿ, ಅದರ ತಲೆಯನ್ನು ಕತ್ತರಿಸಿ, ತಲೆಯನ್ನು ಮಾತ್ರ ಗೋಂದು ಹಚ್ಚಿ ಮೊದಲಿನ ಜಾಗಕ್ಕೇ ಅಂಟಿಸಿದ. ಕೈ ಬಿಟ್ಟ. ಹಲಗೆ ಕೂದಲೆಳೆಯಷ್ಟೂ ಅಲುಗಲಿಲ್ಲ.

ಹಿಂದಿನಿಂದ ದನಿ ಬಂತು: “ಅದೇನು ಚಿಕ್ಕವರೇ ಅಲ್ಲಿ?”

ಗುಡಿಸುವ ಅಕ್ಕ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಕಾರ್ಖಾನೆ ಶುರುವಾದಾಗಿನಿಂದ ಇದ್ದವಳು, ಎಲ್ಲರಿಗೂ ಅಕ್ಕ. ಅವನು ಸ್ಟೂಲಿನ ಮೇಲಿಂದಲೇ ತಿರುಗಿದ.

“ಕಿಟಕೀಲಿ ಜಿರಳೆ ಬರ್ತಿದೆ. ಬಿಲ್ಲೆ ಇಟ್ಟೆ.”

“ಹೇಳಿದ್ರೆ ನಾನೇ ಇಡ್ತಿರಲಿಲ್ವಾ? ಈ ವಯಸ್ಸಲ್ಲಿ ಸ್ಟೂಲು ಹತ್ತಬೇಕಾ?”

“ನಿನಗಿಂತ ಚಿಕ್ಕವನೇ ನಾನು. ಹೋಗು, ನಿನ್ನ ಕೆಲಸ ನೋಡು.”

ಅವಳು ನಕ್ಕು ಹೋದಳು. ಅವನು ಸಂಜೆಯವರೆಗೂ ಅವಳ ಮೇಲೆ ಕಣ್ಣಿಟ್ಟ. ಯಾರ ಹತ್ತಿರವೂ ಪಿಸುಗುಡಲಿಲ್ಲ, ಆಫೀಸು ಕೋಣೆಯತ್ತ ತಿರುಗಿ ನೋಡಲಿಲ್ಲ. ಪಾಪದ ಹೆಂಗಸು, ಬೈದರೂ ನಗುವ ಜಾತಿ. ಎಂಟು ವರ್ಷದ ಹಿಂದೆ ಒಬ್ಬ ದೊಡ್ಡ ಗಿರಾಕಿ ಇಲ್ಲಿನ ಮೂತ್ರಿಗೆ ಹೋಗಿಬಂದು, ಬಿಲ್ಲೆ ಮಾಡೋರ ಮನೇಲೇ ಬಿಲ್ಲೆಗೆ ಬರ ಬಂದಿದೆಯಲ್ಲ ಎಂದು ಹಲ್ಲು ಕಿರಿದಿದ್ದ. ಆ ಸಿಟ್ಟನ್ನು ಅವನು ತೀರಿಸಿಕೊಂಡದ್ದು ಇವಳ ಮೇಲೆ. ಎಲ್ಲರೆದುರಿಗೆ ಅಂಗಳದಲ್ಲಿ ನಿಲ್ಲಿಸಿ, ಕೆಲಸ ಹೇಗೆ ಮಾಡಬೇಕು ಎಂದು ಗಂಟಲು ಹರಿಯುವ ಹಾಗೆ ಹೇಳಿಕೊಟ್ಟಿದ್ದ. ಆಗಲೂ ಅವಳು, ಆಯ್ತು ಚಿಕ್ಕವರೇ, ಎಂದು ನಕ್ಕಿದ್ದಳು ಅಷ್ಟೆ. ಇವಳಿಂದೇನೂ ಭಯವಿಲ್ಲ. ಅವಳನ್ನೂ ಪಕ್ಕಕ್ಕಿಟ್ಟ.

ಆಸ್ಪತ್ರೆಯಲ್ಲಿ ಅವನು ಮಾದರಿ ಗಂಡನಾದ. ಬೆಳಿಗ್ಗೆ ಸಂಜೆ ಪುಸ್ತಕದಲ್ಲಿ ಸಹಿ ಹಾಕಿದ. ಹೆಂಡತಿಯ ಮಂಡಿಗೆ ಬಿಸಿನೀರಿನ ಚೀಲ ಒತ್ತಿದ. ದಾದಿಯರ ಹತ್ತಿರ ಬೇಕೆಂದೇ ಮಾತಿಗೆ ನಿಂತು, ಮುಖ ನೆನಪಿರುವ ಹಾಗೆ ಮಾಡಿಕೊಂಡ. ಪಕ್ಕದ ಮಂಚದ ಹೆಂಗಸು ತನ್ನ ಗಂಡನಿಗೆ ಇವನನ್ನು ತೋರಿಸಿ ಬೈದಳು. ಹೆಂಡತಿ ದಿನವೂ ಅತ್ತಿಗೆಗೆ ಫೋನು ಮಾಡಿ ಗಂಡನ ಗುಣಗಾನ ಮಾಡುತ್ತಿದ್ದಳು. ಮಾಡಲಿ ಎಂದು ಬಿಟ್ಟ. ಅದೂ ಸಾಕ್ಷಿಯೇ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆಯಿಂದ ಅವನ ಕಿವಿ ಫೋನಿನ ಮೇಲಿತ್ತು. ಫೋನು ಬಂತು. ಬಟ್ಟೆ ಒಗೆಯುವವನು ಲೆಕ್ಕ ತಪ್ಪಿ ಬೇರೆ ಯಾರದೋ ಪಂಚೆ ಕೊಟ್ಟಿದ್ದನಂತೆ. ಮತ್ತೆ ಫೋನು ಬರಲಿಲ್ಲ. ಇಪ್ಪತ್ತೆರಡು, ಇಲ್ಲ. ಅಷ್ಟರಲ್ಲಿ ವೈದ್ಯರು, ಚಿಕಿತ್ಸೆ ಚೆನ್ನಾಗಿ ಒಗ್ಗುತ್ತಿದೆ, ಇನ್ನೆರಡು ದಿನ ಇರಲಿ ಎಂದರು. ಇಪ್ಪತ್ಮೂರನೆಯ ದಿನ ಹೆಂಡತಿ ಫೋನು ಕೈಗೆ ಕೊಟ್ಟು, ಭಾವ ಮಾತಾಡ್ತಾರಂತೆ, ಎಂದಳು.

ಅಣ್ಣನ ದನಿ. ಒಡೆದ ಗಡಿಗೆಯ ಹಾಗಿದ್ದರೂ ಅಣ್ಣನದೇ.

“ಯಾವತ್ತು ಬರ್ತೀಯ?”

“ಶನಿವಾರ.”

“ಶನಿವಾರ ನೇರ ಆಫೀಸಿಗೆ ಬಾ. ಮಾತಾಡೋದಿದೆ. ಅಳಿಯಂದಿರೂ ಇರ್ತಾರೆ.”

ಫೋನು ಕಟ್ಟಾಯಿತು. ಮಾತಾಡೋದಿದೆ. ಏನು ಮಾತಾಡುವುದಿದೆ? ವಾಪಸು ಬರುವಾಗ ರೈಲಿನಲ್ಲಿ ಹೆಂಡತಿ ಹಾಯಾಗಿ ಕಾಲು ಚಾಚಿ ಮಲಗಿದ್ದಳು. ಅವನು ಕಿಟಕಿಗೆ ಹಣೆ ಒತ್ತಿ ಕೂತಿದ್ದ. ಬಿಲ್ಲೆ ಸಿಕ್ಕಿದೆ. ಅಂಟಿಸಿದ ಬೋಲ್ಟಿನ ತಲೆ ಉದುರಿ ಅಣ್ಣನ ಮೇಜಿನ ಮೇಲೆ ಬಿದ್ದಿದೆ. ಅಳಿಯ ಅದನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದಾನೆ. ಶನಿವಾರ ತಾನು ಬಾಗಿಲು ತಳ್ಳಿದರೆ ಒಳಗೆ ಖಾಕಿ ಬಟ್ಟೆಯವರು ಕೂತಿರುತ್ತಾರೆ. ನಡುದಾರಿಯಲ್ಲಿ ಇಳಿದುಬಿಡಲೇ? ಇಳಿದರೆ ಒಪ್ಪಿಕೊಂಡ ಹಾಗೆ. ಅಲ್ಲದೆ ಹೆಂಡತಿಯ ಚೀಲಗಳನ್ನು ಯಾರು ಹೊರುತ್ತಾರೆ?

ಶನಿವಾರ ಹನ್ನೊಂದಕ್ಕೆ ಬಾಗಿಲು ತಳ್ಳಿದ. ಖಾಕಿ ಯಾವುದೂ ಇರಲಿಲ್ಲ. ಅಣ್ಣ ಕುರ್ಚಿಯಲ್ಲಿದ್ದರು, ಕತ್ತಿಗೆ ಉಣ್ಣೆಯ ಮಫ್ಲರು. ಅವನ ಕಣ್ಣು ತನಗೆ ತಾನೇ ಮೇಲೆ ಹೋಯಿತು. ಹಲಗೆ ಇತ್ತು. ಅಚ್ಚು ಇತ್ತು. ತೋಳಿನ ಕೆಳಗೆ ಬಿಲ್ಲೆಯೂ ಇತ್ತು, ದಪ್ಪ ಸರಿಸುಮಾರು ಅರ್ಧಕ್ಕೆ ಬಂದಿತ್ತು. ಪಕ್ಕದಲ್ಲಿ ಫ್ಯಾನು ನಿಶ್ಚಲವಾಗಿ ನಿಂತಿತ್ತು.

“ಶೆಕೆ ಅಲ್ವಾ,” ಎಂದ ಅವನು. ದನಿ ಮಾಮೂಲಾಗಿಯೇ ಬಂತು. “ಫ್ಯಾನು ಹಾಕಿಲ್ಲ?”

“ಶೆಕೆ ಬಿಡೋ. ನೀನು ಹೋದ ಮಾರನೇ ದಿನದಿಂದ ಎದೆ ಕಟ್ಟಿದೆ. ಗಾಳಿ ಸೋಕಿದ್ರೆ ಕೆಮ್ಮು. ಮೂರು ವಾರದಿಂದ ಅದನ್ನ ಮುಟ್ಟಿಲ್ಲ.”

ಅಷ್ಟೇ. ಒಂದು ನೆಗಡಿ. ಅವನಿಗೆ ನಗು ಬಂದುಬಿಡುತ್ತಿತ್ತು. ಯಾರೂ ಏನೂ ಕಂಡುಹಿಡಿದಿರಲಿಲ್ಲ. ಇಪ್ಪತ್ತೊಂದು ದಿನದ್ದು ಐವತ್ತು ದಿನದ್ದಾಗಿತ್ತು ಅಷ್ಟೆ. ಲೆಕ್ಕ ತಪ್ಪಿರಲಿಲ್ಲ. ಅವನ ಲೆಕ್ಕ ಎಂದೂ ತಪ್ಪುವುದಿಲ್ಲ.

ಆಗ ಅಣ್ಣ ಮೇಜಿಗೆ ಕೈಯೂರಿ ಎದ್ದರು. ಆ ಕುರ್ಚಿಯಿಂದ ಅಣ್ಣ ಇನ್ನೊಬ್ಬರಿಗಾಗಿ ಎದ್ದದ್ದನ್ನು ಅವನು ಈವರೆಗೆ ಕಂಡಿರಲಿಲ್ಲ. ಮೇಜನ್ನು ಸುತ್ತಿ ಈಚೆಗೆ ಬಂದರು.

“ಆವತ್ತು ಊಟದಲ್ಲಿ ಪೂರ್ತಿ ಕೇಳದೆ ಎದ್ದುಹೋದೆ. ನಿನ್ನ ಮೂಗಿನ ತುದೀಲಿ ಸಿಟ್ಟು, ಏನು ಮಾಡೋದು. ಹೇಳೋಣ ಅಂದ್ರೆ ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ನಾನೂ ಹಟ ಹಿಡಿದೆ, ಕೇಳಿದಾಗ ಹೇಳೋಣ ಅಂತ. ಆಸ್ಪತ್ರೇಲಿ ಅವಳನ್ನ ನೀನು ನೋಡ್ಕೊಂಡ ರೀತಿ ನಿನ್ನತ್ತಿಗೆ ದಿನಾ ಹೇಳ್ತಿದ್ದಳು. ನಾನು ಯಾವತ್ತೂ ಹಾಗೆ ಯಾರನ್ನೂ ನೋಡ್ಕೊಂಡವನಲ್ಲ. ನಾಚಿಕೆ ಆಯ್ತು ಕಣೋ.” ಅಣ್ಣ ಕೆಮ್ಮಿದರು. “ನಿಂತದ್ದು ಸಾಕು ಅಂದದ್ದು, ಇನ್ನು ಕೂತ್ಕೋ ಅಂತ. ಯಂತ್ರ ಅಳಿಯಂದಿರಿಗೆ. ಕುರ್ಚಿ ನಿನಗೆ.”

ಬಾಗಿಲಲ್ಲಿ ಕೆಲಸದವರು ಗುಂಪುಗೂಡಿದ್ದರು. ಅಣ್ಣ ಅವರತ್ತ ತಿರುಗಿ, ಇವತ್ತಿಂದ ಇವನೇ ದೊಡ್ಡವರು, ನನ್ನನ್ನ ಏನಾದ್ರೂ ಕರ್ಕೊಳ್ಳಿ ಎಂದರು. ಎಲ್ಲರೂ ನಕ್ಕರು. ಅಳಿಯ ಕರವಸ್ತ್ರ ಜೇಬಿಗಿಟ್ಟು, ಯಂತ್ರದ ಕೆಲಸ ನೀವೇ ಕಲಿಸಬೇಕು ಚಿಕ್ಕಮಾವ, ನನಗೆ ಏನೇನೂ ಗೊತ್ತಿಲ್ಲ ಎಂದ. ಅಳಿಯನ ದನಿಯಲ್ಲಿ ಇವನು ಕೊಂಕು ಹುಡುಕಿದ. ಸಿಗಲಿಲ್ಲ.

“ಕೂತ್ಕೋ,” ಎಂದರು ಅಣ್ಣ.

ಕುರ್ಚಿಯನ್ನು ನೋಡಿದ. ಹಲಗೆಯನ್ನು ನೋಡಿದ. ಹೆದರುವಂಥದೇನಿದೆ? ಗಾಳಿ ಇಲ್ಲದ ಕೋಣೆ, ಅರ್ಧ ಬಿಲ್ಲೆ. ಇನ್ನೂ ಇಪ್ಪತ್ತು ದಿನಕ್ಕೆ ಮೋಸವಿಲ್ಲ. ಇದನ್ನು ಅವನಷ್ಟು ಬಲ್ಲವರು ಯಾರು? ಸಂಜೆ ಎಲ್ಲರೂ ಹೋದ ಮೇಲೆ ಬೋಲ್ಟು ಹಾಕಿ ಬಿಗಿದು, ಬಿಲ್ಲೆ ಕಿತ್ತು ಎಸೆದರಾಯಿತು. ಹುಟ್ಟಿಯೇ ಇರದಿದ್ದ ಅಪರಾಧ. ಅದು ಇದ್ದದ್ದೂ ಗಾಳಿಗೆ, ಹೋದದ್ದೂ ಗಾಳಿಗೆ. ಈಗ ಕೂರದೆ ನಿಂತರೆ ಮಾತ್ರ ಅನುಮಾನ.

ಕೂತ. ಕುರ್ಚಿ ಅಣ್ಣನ ಮೈಯ ಬಿಸಿ ಇನ್ನೂ ಬಿಟ್ಟಿರಲಿಲ್ಲ. ಆಳವಾದ ಕುರ್ಚಿ, ಕೂತರೆ ಬೆನ್ನು ತಾನಾಗಿ ಹಿಂದಕ್ಕೆ ಒರಗುತ್ತಿತ್ತು. ಎದೆಯೊಳಗೆ ವರ್ಷಗಳಿಂದ ಗಟ್ಟಿಯಾಗಿದ್ದದ್ದು ಏನೋ ಸದ್ದಿಲ್ಲದೆ ಹೋಗುತ್ತಿದೆ ಅನ್ನಿಸಿತು. ಅಣ್ಣನ ಮುಖವನ್ನು ನೇರವಾಗಿ ನೋಡಲು ಆಗಲಿಲ್ಲ. ಒಂದು ದಿನ ಹೇಳಿಬಿಡಬೇಕೇ? ಇಲ್ಲ. ಇಂಥದನ್ನು ಯಾರೂ ಹೇಳುವುದಿಲ್ಲ. ಇನ್ನು ಮೇಲೆ ಅಣ್ಣನನ್ನು ಚೆನ್ನಾಗಿ ನೋಡಿಕೊಂಡರಾಯಿತು. ಅಳಿಯ ಮೇಜಿನ ಆಚೆಗೆ ಸರಿದು ಫೋನು ಎತ್ತಿ, ಫೋಟೋಗೆ ಅಲುಗಾಡಬೇಡಿ ಚಿಕ್ಕಮಾವ, ಎಂದ. ಅವನು ಕೈಗಳನ್ನು ಕುರ್ಚಿಯ ತೋಳಿನ ಮೇಲಿಟ್ಟು, ಗದ್ದ ಎತ್ತಿ, ಅಲುಗದೆ ಕೂತ.

ಬೆನ್ನ ಹಿಂದೆ, ಕಿಟಕಿಯ ಪಕ್ಕದಲ್ಲಿ, ಸ್ಟೂಲು ಎಳೆದ ಸದ್ದಾಯಿತು. ಶನಿವಾರ. ಗುಡಿಸುವ ಅಕ್ಕ ಹೊಸ ಬಿಲ್ಲೆಗಳ ಬುಟ್ಟಿ ಹಿಡಿದು ಕೋಣೆ ಕೋಣೆ ಸುತ್ತುವ ದಿನ. ಮೂತ್ರಿಯ ಜಾಲರಿಗೆ ಅಂಟಿದ ಬಿಲ್ಲೆಯನ್ನು ಮೀಟಿ ತೆಗೆಯುವ ಚಪ್ಪಟೆ ಕಬ್ಬಿಣ ಅವಳ ಕೈಯಲ್ಲಿ ಇದ್ದೇ ಇರುತ್ತಿತ್ತು. ಎಂಟು ವರ್ಷದ ಹಿಂದೆ ಅಂಗಳದಲ್ಲಿ ತಾನು ಗಂಟಲು ಹರಿದುಕೊಂಡು ಕೂಗಿದ್ದ ಮಾತು ಅವನಿಗೆ ಆಗ, ಅಕ್ಷರಕ್ಕೆ ಅಕ್ಷರ, ನೆನಪಾಯಿತು: ಎಲ್ಲೇ ಕಾಣಲಿ, ಅರ್ಧ ಸವೆದ ಬಿಲ್ಲೆ ಒಂದು ಗಳಿಗೆ ಅಲ್ಲಿರಬಾರದು, ಮೊದಲು ಹಳೇದನ್ನು ಕಿತ್ತು ಎಸಿ. ಅವನು ಕುರ್ಚಿಯ ತೋಳನ್ನು ಒತ್ತಿ ಮೇಲೇಳಲು ಹೋದ. ಆಳವಾದ ಕುರ್ಚಿ ಒಮ್ಮೆಗೇ ಬಿಡಲಿಲ್ಲ. “ನೀವು ಏಳ್ಬೇಡಿ ದೊಡ್ಡವರೇ, ಕೂತಿರಿ,” ಎಂದಳು ಅಕ್ಕ ನಗುತ್ತಾ, ಕಬ್ಬಿಣವನ್ನು ಸಂದಿಗೆ ಸೇರಿಸಿ. “ಸರಿಯಾಗಿ ಅರ್ಧ ಸವೆದಿದೆ. ನೀವು ಹೇಳಿದ ಹಾಗೆ ತೆಗೀತಿದೀನಿ.”